ಗಾಳಿಕೋವಿಯ ಒಂದು ಗುಂಡು

ಗಾಳಿಕೋವಿಯೆಂದೊಡನೆ ನಮ್ಮಲ್ಲಿ ಹಲವರಿಗೆ ಜಾತ್ರೆಯಲ್ಲಿ ಬಲೂನು ಒಡೆಯುವ ಹುಡುಗರಾಟ ನೆನಪಾಗುವುದು. ಮದ್ದಿಲ್ಲ, ಹೊಗೆಯಿಲ್ಲ, ಸದ್ದೂ ಕಡಮೆ. ಇದರಿಂದ ಆಗುವುದೇನು ಎಂಬ ಉದಾಸೀನವು ಸಹಜವೇ. ಆದರೆ ಈ ಆಯುಧದ ಪೂರ್ವಚರಿತ್ರೆಯು ಆಟದ ಚರಿತ್ರೆಯಲ್ಲ.

ಬಾರ್ಟೊಲೊಮಿಯೊ ಜಿರಾಂಡೋನಿ ಎಂಬ ಕುಶಲಿಯು ನಿರ್ಮಿಸಿದ ಗಾಳಿಕೋವಿಯನ್ನು ಆಸ್ಟ್ರಿಯಾದ ಸೈನ್ಯವು 1780ರ ಸುಮಾರಿನಲ್ಲಿ ಅಂಗೀಕರಿಸಿತು. ಹೆಗಲಿಗೆ ಆನಿಸುವ ಹಿಂಭಾಗವೇ ಅದರ ಗಾಳಿಯ ಭಂಡಾರ. ಅದನ್ನು ತುಂಬಬೇಕಾದರೆ ಪಂಪನ್ನು ಸುಮಾರು 1500 ಸಲ ಒತ್ತಬೇಕಾಗಿದ್ದಿತು. ನಳಿಗೆಯ ಪಕ್ಕದ ಕೊಳವೆಯಲ್ಲಿ ಇಪ್ಪತ್ತರಷ್ಟು ಗುಂಡುಗಳು. ಉಳಿದ ಸಿಪಾಯಿಗಳು ಒಂದು ಗುಂಡು ಹಾರಿಸಿ ಮತ್ತೆ ಮದ್ದು ಗಿಡಿಯುವುದರೊಳಗೆ ಈ ಕೋವಿಯವನು ಹಲವು ಗುಂಡುಗಳನ್ನು ಹಾರಿಸಬಲ್ಲವನಾಗಿದ್ದನು.

ಬೇಟೆಗಾರನಿಗೂ ಗಾಳಿಕೋವಿಯು ಮೆಚ್ಚಾಯಿತು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಊರುಗೋಲಿನಂತೆ ತೋರುವ ಗಾಳಿಕೋವಿಗಳು ಮೊಲ, ಹಕ್ಕಿಗಳ ಬೇಟೆಗೆ ಬಳಕೆಯಾದುವು. ಕಳ್ಳಬೇಟೆಯವರಿಗೆ ಅವು ಎಷ್ಟು ಅನುಕೂಲವಾದುವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

1803ರ ಆಗಸ್ಟ್ ತಿಂಗಳ ಕೊನೆಯಲ್ಲಿ ಮೆರಿವೆದರ್ ಲೂಯಿಸನು ಅಮೆರಿಕದ ಪಶ್ಚಿಮವನ್ನು ಶೋಧಿಸಲು ಪಿಟ್ಸ್‌ಬರ್ಗಿನಿಂದ ದೋಣಿಯಲ್ಲಿ ಹೊರಟನು. ಅವನ ಬಳಿ ಇದ್ದ ಗಾಳಿಕೋವಿಯು ಜಿರಾಂಡೋನಿಯ ಮಾದರಿಯದೆಂದು ಈಗ ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಮೂರು ಮೈಲಿ ಹೋಗಿರಬೇಕು. ಒಹಾಯೋ ನದಿಯ ಒಂದು ದ್ವೀಪದಲ್ಲಿ ಕೆಲವರು ಕೋವಿಯನ್ನು ನೋಡಬಯಸಿದರು. ಲೂಯಿಸನು ಐವತ್ತೈದು ಗಜದ ಗುರಿಗೆ ಏಳು ಗುಂಡುಗಳನ್ನು ಹಾರಿಸಿ ತೋರಿಸಿದನು. ಬಳಿಕ ಅದರ ಮರ್ಮವರಿಯದ ಗೃಹಸ್ಥನೊಬ್ಬನ ಕೈಯಲ್ಲಿ ಕೋವಿಯು ತಾನಾಗಿ ಸಿಡಿಯಿತು. ನಲವತ್ತು ಗಜದಾಚೆ ಇದ್ದ ಹೆಂಗಸೊಬ್ಬಳ ಟೋಪಿಯನ್ನು ತೂರಿ ಗುಂಡು ಅವಳ ಕಣತಲೆಯನ್ನು ಸೀಳಿಕೊಂಡು ಹೋಯಿತು. ಅವಳು ಕುಸಿದಳು, ನೆತ್ತರು ಚಿಮ್ಮಿತು, ಸತ್ತಳೆಂದೇ ಎಲ್ಲರೂ ಬಗೆದರು. ಒಂದು ನಿಮಿಷದ ಮೇಲೆ ಅವಳಿಗೆ ಎಚ್ಚರವಾಯಿತು. ಗಾಯವು ಪ್ರಾಣಾಂತಕವಾಗಿರಲಿಲ್ಲ.

ಚಕಮಕಿ ಕೋವಿಯಾದರೆ ಬಟ್ಟಲಲ್ಲಿ ಮದ್ದಿದೆಯೆ ಇಲ್ಲವೆ ಎಂಬುದನ್ನು ಕಣ್ಣೇ ಹೇಳುವುದು. ಅಡಗಿರುವ ಗಾಳಿಯನ್ನು ಕಾಣುವ ಬಗೆ ಹೇಗೆ? ಏಳು ಗುಂಡು ಹಾರಿದ ಮೇಲೂ ಎಂಟನೆಯದಕ್ಕೆ ಬೇಕಾದ ಬಲ ಅಲ್ಲಿ ಉಳಿದಿದ್ದಿತು. ಆದುದರಿಂದಲೇ ಗಾಳಿಕೋವಿಯನ್ನು ಎಂದಿಗೂ ತುಂಬಿದ್ದೆಂದೇ ಭಾವಿಸತಕ್ಕದ್ದು. ನಳಿಗೆಯನ್ನು ಮನುಷ್ಯರ ಕಡೆಗೆ ತಿರುಗಿಸಕೂಡದು. ಗುರಿ ನಿಶ್ಚಯವಾಗುವವರೆಗೆ ಬೆರಳು ಕುದುರೆಯ ಮೇಲೆ ಬರಕೂಡದು. ಕೊಂಬೆಯ ಮೇಲಣ ಹಕ್ಕಿಗೆ ಇಟ್ಟ ಗುರಿ ತಪ್ಪಿದರೆ ಗುಂಡನ್ನು ತಡೆಯಲು ಹಿಂದೆ ಆಕಾಶವಲ್ಲದೆ ಮತ್ತೇನೂ ಇರದು. ನಮ್ಮ ದೇಶದಲ್ಲಿ 1991ರ ತಿದ್ದುಪಡಿಯಿಂದ ಚಿಕ್ಕ ಬೇಟೆಯ ಪರವಾನಗಿಯೂ ರದ್ದಾಯಿತು. ಆದರೆ ಗುರಿಯಾಟದ ಕೋವಿಗಳು ಮನೆಗಳಲ್ಲಿ ಉಳಿದಿವೆ.

ಲೂಯಿಸನ ಯಾತ್ರೆಯ ಕೊನೆಯೂ ಇಂಥದೇ. 1806ರ ಆಗಸ್ಟ್ 11ರಂದು ಮಿಸೌರಿ ನದಿಯ ದಡದ ಪೊದೆಗಳಲ್ಲಿ ಅವನೂ ಕ್ರುಜಾಟ್ ಎಂಬ ಅಂಬಿಗನೂ ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ಅರಸುತ್ತಿದ್ದರು. ಅಂಬಿಗನಿಗೆ ಒಂದು ಕಣ್ಣಿಲ್ಲ, ಇನ್ನೊಂದು ಮಂದ. ಲೂಯಿಸನ ಉಡುಪು ಕಂದುಬಣ್ಣದ ತೊಗಲು. ಈ ಸಲ ಮದ್ದಿನ ಕೋವಿಯೇ ಸಿಡಿದು, ಗುಂಡು ಲೂಯಿಸನ ತೊಡೆಯ ಮೇಲ್ಭಾಗವನ್ನು ತೂರಿತು. ತಾನು ಹೊಡೆಯಲಿಲ್ಲವೆಂದನು ಕ್ರುಜಾಟ್. ಉಡುಪಿನಲ್ಲಿ ಸಿಕ್ಕಿದ ಗುಂಡಾದರೋ ಅವನ ಕೋವಿಯದೇ ಆಗಿದ್ದಿತು. ಮರುದಿನ, ಬರೆಯುವುದೇ ಯಾತನೆಯೆಂದು ಲೂಯಿಸನು ದಿನಚರಿಯನ್ನು ಸಂಗಾತಿ ಕ್ಲಾರ್ಕನಿಗೆ ಬಿಟ್ಟನು. ಬಿಡುವ ಮೊದಲು, ದಾರಿಯಲ್ಲಿ ಕಂಡ ಒಂದು ಅಪೂರ್ವವಾದ ಚೆರ್ರಿ ಗಿಡವನ್ನು ಮಾತ್ರ ವರ್ಣಿಸಿಟ್ಟನು.