ಮಡಚಿ ಮಲಗುವ ಚಕ್ರ: ಬೆಂಗಳೂರಿನಲ್ಲಿ ಜೋಡಿಸಿದ ಯುದ್ಧವಿಮಾನ



ಅಲ್ ಕುಸೈಸ್‌ನಲ್ಲಿ ನಾವು ಸೇರಿದಾಗಲೆಲ್ಲ ಮಾತಿನ ನಡುವೆ ವಿಮಾನದ ಸದ್ದು ಇದ್ದದ್ದೇ. ದುಬೈ ವಿಮಾನ ನಿಲ್ದಾಣ ಅಷ್ಟು ಹತ್ತಿರ. ಕಳೆದ ಸಲ ಕಥೆ ಓದುವುದು ಬಿಟ್ಟು ವಾದಕ್ಕಿಳಿದೆವು. "ಇಲ್ಲಿ ನಾವು ಮಾಡೋದೇನು? ಯಾರೋ ಬರೆದ ನಕ್ಷೆಗೆ ಬೋಲ್ಟು ಬಿಗಿಯೋದು ತಾನೇ?" ಎಂದು ವರ್ಕ್‌ಶಾಪಿನಲ್ಲಿ ದುಡಿಯುವ ಗೆಳೆಯರೊಬ್ಬರು ಬೇಸರದಿಂದ ಅಂದರು. ಆಗ ಉತ್ತರ ಹೊಳೆಯಲಿಲ್ಲ. ಈಗ ಒಂದು ಹಳೆಯ ಸಂಗತಿ ನೆನಪಾಗಿದೆ.

1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಬಂಡವಾಳ ಹೂಡಿದವರು ಉದ್ಯಮಿ ವಾಲಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ. ಆಗ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ತಾಂತ್ರಿಕ ನೆರವು ಅಮೆರಿಕದ ವಿಲಿಯಂ ಪಾಲಿ ಅವರದು. 1941ರಲ್ಲಿ ಅಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಹಾರಿತು. 1942ರ ಜುಲೈನಲ್ಲಿ ಕರ್ಟಿಸ್ ಹಾಕ್ ಯುದ್ಧವಿಮಾನ.

ಹಾಕ್ ಡೊನೊವನ್ ಬರ್ಲಿನ್ ಅವರ ವಿನ್ಯಾಸ. 1935ರಲ್ಲಿ ಮೊದಲು ಹಾರಿದ್ದು. ಅಮೆರಿಕದ ಸೇನೆಗೆ ಅದು ಪಿ-36, ಬ್ರಿಟಿಷರಿಗೆ ಮೊಹಾಕ್. ಅದರ ವಿಶೇಷವಿದ್ದದ್ದು ಕಾಲಲ್ಲಿ! ಹಾರುವಾಗ ಗಾಳಿಗೆ ಅಡ್ಡ ಬಾರದಂತೆ ಚಕ್ರಗಳನ್ನು ಒಳಗೆ ಸೇರಿಸಬೇಕು. ಕಾಲನ್ನು ಸುಮ್ಮನೆ ಹಿಂದಕ್ಕೆ ಮಡಚಿದರೆ ಚಕ್ರ ನೆಟ್ಟಗೇ ಉಳಿದು ತೆಳುವಾದ ರೆಕ್ಕೆಯಿಂದ ಹೊರಗೆ ಚಾಚುತ್ತದೆ. ಹಾಕ್‌ನಲ್ಲಿ ಕಾಲು ಮಡಚುತ್ತಾ ಹೋದಂತೆ ಗಿಯರ್‌ಗಳು ಅದನ್ನು 90 ಡಿಗ್ರಿ ತಿರುಚುತ್ತಿದ್ದವು. ಚಕ್ರ ಕಾವಲಿಯ ಮೇಲಿನ ದೋಸೆಯ ಹಾಗೆ ಅಡ್ಡಲಾಗಿ ರೆಕ್ಕೆಯೊಳಗೆ ಮಲಗುತ್ತಿತ್ತು.

ತಮಾಷೆಯೆಂದರೆ ಈ ಉಪಾಯ ಕರ್ಟಿಸ್ ಕಂಪನಿಯದಲ್ಲ. ಪೇಟೆಂಟ್ ಬೋಯಿಂಗ್‌ನದು, ಕರ್ಟಿಸ್ ಅದಕ್ಕೆ ರಾಯಲ್ಟಿ ಕಟ್ಟುತ್ತಿತ್ತು. ಹಾಕ್‌ನಿಂದಲೇ ಬೆಳೆದ, 13,000ಕ್ಕೂ ಹೆಚ್ಚು ತಯಾರಾದ ಪಿ-40 ವಿಮಾನಕ್ಕೂ ಇದೇ ಕಾಲು. ಎರವಲು ತರುವುದು ಅಮೆರಿಕನ್ನರಿಗೂ ಅವಮಾನವಾಗಿ ಕಾಣಲಿಲ್ಲ.

ಬೆಂಗಳೂರಿನಲ್ಲಿ ಪೂರ್ತಿಯಾದ ಹಾಕ್‌ಗಳು ಬೆರಳೆಣಿಕೆಯಷ್ಟೇ. 1942ರಲ್ಲಿ ಭಾರತ ಸರ್ಕಾರ ಕಾರ್ಖಾನೆಯ ಆಡಳಿತ ವಹಿಸಿಕೊಂಡಿತು. 1943ರಲ್ಲಿ ಅದು ಅಮೆರಿಕ ಸೇನೆಯ ರಿಪೇರಿ ಕೇಂದ್ರವಾಯಿತು. ಮತ್ತೆ ಪರರ ವಿಮಾನ, ಪರರ ನಕ್ಷೆ.

ಆದರೆ ಅದೇ ಕಾರ್ಖಾನೆಗೆ 1940ರಲ್ಲೇ ಸೇರಿದ ಡಾ. ವಿ. ಎಂ. ಘಾಟಗೆಯವರು ಒಂದು ಗ್ಲೈಡರ್ ವಿನ್ಯಾಸ ಮಾಡಿದ್ದರು. ಅದು 1941ರಲ್ಲಿ ಹಾರಿತ್ತು. ಮುಂದೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಬೆಂಗಳೂರಿನ ಆಕಾಶಕ್ಕೇರಿತು. ಅದರ ಚಕ್ರಗಳು ಮಡಚುತ್ತಲೇ ಇರಲಿಲ್ಲ! ಆದರೆ ನಕ್ಷೆ ನಮ್ಮದಾಗಿತ್ತು.

ಬೋಲ್ಟು ಬಿಗಿದ ಮಾತ್ರಕ್ಕೆ ವಿನ್ಯಾಸ ಬಂದುಬಿಡುವುದಿಲ್ಲ, ನಿಜ. ಆದರೆ ಬಿಗಿಯುವವರ ಪಕ್ಕದಲ್ಲೇ ಪೆನ್ಸಿಲ್ ಹಿಡಿದು ಕೂತವರೂ ಇದ್ದರೆ ಹತ್ತು ವರ್ಷದಲ್ಲಿ ಏನಾಗಬಹುದೆಂದು ಬೆಂಗಳೂರು ತೋರಿಸಿತು. ಬೇಸರಪಟ್ಟ ಗೆಳೆಯರಿಗೆ ನಾವು ಹೇಳುವುದೂ ಇಷ್ಟೇ.

ನಿಮ್ಮ ಮನೆಯ ಹಿರಿಯರು ಯಾರಾದರೂ ಎಚ್‌ಎಎಲ್‌ನಲ್ಲಿ ದುಡಿದಿದ್ದರೆ ಅವರ ನೆನಪುಗಳನ್ನು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಂಚಿಕೊಳ್ಳೋಣ.