ಬಳ್ಳಾರಿ ಸೀಮೆಯ ತುರ್ತುವೈದ್ಯವೂ ಐಚ್ಛಿಕ ಸರದಿಯೂ

ವೈದ್ಯವಿದ್ಯೆಯ ಅಂಗಗಳಲ್ಲಿ ಒಂದೊಂದಕ್ಕೂ ತನ್ನದೇ ಆದ ಮನೆಯುಂಟು. ನೇತ್ರವೈದ್ಯನಿಗೆ ಕಣ್ಣು ಕ್ಷೇತ್ರವು, ಅಸ್ಥಿವೈದ್ಯನಿಗೆ ಮೂಳೆಯು, ಪ್ರಸೂತಿವೈದ್ಯನಿಗೆ ತಾಯಿಯೂ ಶಿಶುವೂ. ತುರ್ತುವೈದ್ಯಕ್ಕಾದರೋ ಹೊತ್ತೇ ಕ್ಷೇತ್ರವು. ಪ್ರಾಣಸಂಕಟದಲ್ಲಿ ಬಾಗಿಲಿಗೆ ಬಂದವನು ಎದೆನೋವಿನವನಿರಬಹುದು, ಬಂಡಿಯಿಂದ ಬಿದ್ದವನಿರಬಹುದು, ವಿಷ ಕುಡಿದವನಿರಬಹುದು, ಹೆರಿಗೆಯಲ್ಲಿ ರಕ್ತ ಹರಿದವಳಿರಬಹುದು. ಆದಕಾರಣ ಈ ವಿದ್ಯೆಯನ್ನು ಕಲಿಯುವವನು ತನ್ನ ಮೂರು ವರುಷಗಳ ಸ್ನಾತಕೋತ್ತರ ಅಭ್ಯಾಸದಲ್ಲಿ ಪರರ ಮನೆಗಳಲ್ಲಿ ಸರದಿಯಂತೆ ಸೇವೆ ಮಾಡಬೇಕಾಗುವುದು. ಅರಿವಳಿಕೆಯವರ ಬಳಿ ಉಸಿರುನಾಳಕ್ಕೆ ಕೊಳವೆಯಿಡುವುದನ್ನೂ, ಶಸ್ತ್ರವೈದ್ಯರ ಬಳಿ ಗಾಯದ ಆಳವನ್ನರಿಯುವುದನ್ನೂ, ಮಕ್ಕಳ ವೈದ್ಯರ ಬಳಿ ತೂಕವರಿತು ಮದ್ದು ಕೊಡುವುದನ್ನೂ ಆತನು ಕಲಿಯುವನು. ಈ ಸರದಿಗಳಲ್ಲಿ ಹೆಚ್ಚಿನವು ನಿಯತವಾದುವು. ಹಲವು ವಿದ್ಯಾಲಯಗಳಲ್ಲಿ ಸ್ವಲ್ಪ ಕಾಲವನ್ನು ಮಾತ್ರ ವಿದ್ಯಾರ್ಥಿಯ ಇಚ್ಛೆಗೆ ಬಿಟ್ಟಿರುವರು. ಅದೇ ಐಚ್ಛಿಕ ಸರದಿಯು. ವ್ಯಾಕರಣವನ್ನು ಮುಗಿಸಿದ ಪಾಠಶಾಲೆಯ ವಿದ್ಯಾರ್ಥಿಯು ತರ್ಕಕ್ಕಾಗಿ ಮತ್ತೊಬ್ಬ ಗುರುವನ್ನರಸಿ ಬೇರೂರಿಗೆ ನಡೆದಂತೆಯೇ ಇದೂ ಸಹ. ಎಲ್ಲಿಗೆ ಹೋಗುವನೆಂಬುದರಿಂದಲೇ ಆತನ ವಿದ್ಯೆಯು ಯಾರಿಗಾಗಿ ಎಂಬುದು ತಿಳಿದುಬರುವುದು.

ಈ ಕ್ರಮವು ನಮ್ಮ ನಾಡಿಗೆ ಕೇವಲ ಹೊಸದಲ್ಲ. ಶಿಷ್ಯನು ರೋಗಿಯ ಮೈಯನ್ನು ಮುಟ್ಟುವುದಕ್ಕೆ ಮೊದಲು ಕುಂಬಳ, ಸೋರೆ ಮುಂತಾದ ಕಾಯಿಗಳ ಮೇಲೆ ಕೈಯನ್ನು ಪಳಗಿಸಬೇಕೆಂದು ಸುಶ್ರುತಸಂಹಿತೆಯು ವಿಧಿಸಿರುವುದು. ವಿಜಯನಗರದ ಅರಸರ ಆದಿಕಾಲದಲ್ಲಿ, 14ನೆಯ ಶತಮಾನದಲ್ಲಿ, ಮಂಗರಾಜ ಕವಿಯು ವಿಷಚಿಕಿತ್ಸೆಯೊಂದನ್ನೇ ವಸ್ತುವಾಗಿಟ್ಟುಕೊಂಡು ‘ಖಗೇಂದ್ರಮಣಿದರ್ಪಣ’ವನ್ನು ಕನ್ನಡದಲ್ಲಿ ರಚಿಸಿದನು. ವಿಷವೆಂಬ ಆಪತ್ತಿಗೆ ಪ್ರತ್ಯೇಕ ಶಾಸ್ತ್ರವೂ ಪ್ರತ್ಯೇಕ ಅಭ್ಯಾಸವೂ ಬೇಕೆಂಬುದನ್ನು ಕನ್ನಡಿಗರು ಅಂದೇ ಬಲ್ಲವರಾಗಿದ್ದರು.

ಆದರೆ ಶಾಸ್ತ್ರವಿದ್ದ ಮಾತ್ರಕ್ಕೆ ಸಹಾಯವು ಹೊತ್ತಿಗೆ ಒದಗದು. ಬಳ್ಳಾರಿ ಸೀಮೆಯು 1800ರಲ್ಲಿ ನಿಜಾಮನಿಂದ ಇಂಗ್ಲಿಷರ ಕೈಸೇರಿದಾಗ ದತ್ತಮಂಡಲಗಳ ಆಡಳಿತವನ್ನು ನಡೆಯಿಸಿದವನು ಥಾಮಸ್ ಮನ್ರೋ. ಆತನೇ ಮುಂದೆ ಮದರಾಸಿನ ಗವರ್ನರನಾಗಿ, 1827ರ ಜುಲೈ 6ರಂದು ಅದೇ ಮಂಡಲಗಳ ಸಂಚಾರದಲ್ಲಿದ್ದಾಗ ಪತ್ತಿಕೊಂಡದಲ್ಲಿ ಕಾಲರಾ ತಗುಲಿ ಒಂದೇ ದಿನದೊಳಗೆ ತೀರಿಕೊಂಡನು. ಮೈಯಿಂದ ಹೋದ ನೀರನ್ನೂ ಉಪ್ಪನ್ನೂ ಹೊತ್ತಿಗೆ ತುಂಬಿದರೆ ಆ ರೋಗಿಯು ಬದುಕುವನೆಂಬುದು ಆಗ ವೈದ್ಯರಿಗೆ ತಿಳಿದಿರಲಿಲ್ಲ. ರಾಜ್ಯವಾಳಿದವನ ಗತಿಯೇ ಹೀಗಾದ ಮೇಲೆ ಒಕ್ಕಲಿಗನ ಪಾಡೇನು? ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಎಂದರೆ 1876ರಿಂದ 1878ರ ವರೆಗೆ, ಮದರಾಸು ಅಧಿಪತ್ಯದಲ್ಲಿ ಅತ್ಯಂತವಾಗಿ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದಾಗಿದ್ದಿತು. ಮದರಾಸಿನ ವೈದ್ಯಶಾಲೆಯು 1835ರಲ್ಲಿಯೇ ಸ್ಥಾಪಿತವಾಗಿದ್ದರೂ ಅಲ್ಲಿ ಕಲಿಸಿದ ವಿದ್ಯೆಗೂ ಇಲ್ಲಿಯ ಹಳ್ಳಿಗಳಿಗೂ ನಡುವೆ ಬಲುದೂರದ ಹಾದಿಯಿದ್ದಿತು.

ಈ ಹಾದಿಯನ್ನು ಕಿರಿದುಮಾಡುವ ಯೋಚನೆಯು ಶಾಸನಕರ್ತರಿಗೆ ತಡವಾಗಿ ಹೊಳೆಯಿತು. ಸರ್ ಜೋಸೆಫ್ ಭೋರರ ಅಧ್ಯಕ್ಷತೆಯ ಸಮಿತಿಯು 1946ರಲ್ಲಿ ಒಪ್ಪಿಸಿದ ವರದಿಯಲ್ಲಿ, ವೈದ್ಯನಾಗುವವನಿಗೆ ರೋಗನಿವಾರಣೆ ಮತ್ತು ಸಮಾಜಾರೋಗ್ಯಗಳಲ್ಲಿ ಮೂರು ತಿಂಗಳ ಶಿಕ್ಷಣವಾಗಬೇಕೆಂದು ಹೇಳಲಾಯಿತು. 1953ರಲ್ಲಿ ಬಳ್ಳಾರಿಯು ಮೈಸೂರು ಸಂಸ್ಥಾನವನ್ನು ಸೇರಿತು. 1961ರಲ್ಲಿ ಬಳ್ಳಾರಿಯಲ್ಲಿಯೇ ಸರ್ಕಾರಿ ವೈದ್ಯಕೀಯ ವಿದ್ಯಾಲಯವು ಆರಂಭವಾಯಿತು. ಇಂದು ವಿಮ್ಸ್ ಎಂದು ಪ್ರಸಿದ್ಧವಾಗಿರುವ ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆಯು ಅದೇ. 1977ರಲ್ಲಿ ವೈದ್ಯಕೀಯ ವಿದ್ಯಾಲಯಗಳು ಗ್ರಾಮವಿಭಾಗಗಳ ಹೊಣೆಯನ್ನು ಹೊರಬೇಕೆಂಬ ಕೇಂದ್ರ ಸರ್ಕಾರದ ಯೋಜನೆಯೂ ಬಂದಿತು.

ತುರ್ತುವೈದ್ಯವು ಸ್ವತಂತ್ರ ಶಾಸ್ತ್ರವೆನಿಸಿಕೊಂಡದ್ದು ಇದಕ್ಕೂ ಈಚೆಗೆ. ಅಮೆರಿಕೆಯ ಸಿನ್ಸಿನಾಟಿಯಲ್ಲಿ ಇದರ ಮೊದಲ ನಿವಾಸಿ ವೈದ್ಯಶಿಕ್ಷಣವು 1970ರಲ್ಲಿ ತೊಡಗಿತು. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಇದಕ್ಕೆ ಮನ್ನಣೆಯಿತ್ತದ್ದು 2009ರಲ್ಲಿ. ಅದರ ಹಿಂದಿನ ವರುಷವಷ್ಟೇ, 2008ರ ನವೆಂಬರ್ 1ರಂದು, ಕರ್ನಾಟಕದಲ್ಲಿ 108ರ ಆಂಬುಲೆನ್ಸ್ ಸೇವೆಯು ಆರಂಭವಾಗಿದ್ದಿತು. ಬಂಡಿಯು ಮೊದಲು ಬಂದು, ಅದರಲ್ಲಿ ಬರುವ ರೋಗಿಯನ್ನು ಎದುರುಗೊಳ್ಳಬೇಕಾದ ವೈದ್ಯನ ಶಾಸ್ತ್ರವು ಹಿಂದಿನಿಂದ ಬಂದಂತಾಯಿತು.

ಸರದಿಯ ಕಟ್ಟಳೆಗಳನ್ನು ನೋಡಿದರೂ ಇದೇ ನಿಧಾನಗತಿಯು ಕಾಣುವುದು. 1997ರ ನಿಯಮದಂತೆ ಹೌಸ್ ಸರ್ಜನ್ನನ ಹನ್ನೆರಡು ತಿಂಗಳುಗಳಲ್ಲಿ ತುರ್ತು ವಿಭಾಗಕ್ಕೆ 15 ದಿನ, ಇಚ್ಛೆಯ ವಿಭಾಗಕ್ಕೆ 15 ದಿನ ಮಾತ್ರ ದೊರೆತವು. 2021ರ ನಿಯಮವು 52 ವಾರಗಳಲ್ಲಿ ತುರ್ತು ವಿಭಾಗಕ್ಕೆ 2 ವಾರಗಳನ್ನೂ ಐಚ್ಛಿಕಕ್ಕೆ 4 ವಾರಗಳನ್ನೂ ಕೊಟ್ಟು, ಆ ನಾಲ್ಕರಲ್ಲಿ ಒಂದು ವಾರವನ್ನು ಭಾರತೀಯ ವೈದ್ಯಪದ್ಧತಿಗೆ ಮೀಸಲಿಟ್ಟಿತು. ಪಂಡಿತ ತಾರಾನಾಥರ ಹೆಸರಿನ ಸರ್ಕಾರಿ ಆಯುರ್ವೇದ ವಿದ್ಯಾಲಯವನ್ನು ಪಡೆದಿರುವ ಬಳ್ಳಾರಿಗೆ ಇದು ಸಹಜವಾಗಿಯೇ ಒಪ್ಪುವುದು. ಸ್ನಾತಕೋತ್ತರ ವಿದ್ಯಾರ್ಥಿಗಳೆಲ್ಲರೂ ಮೂರು ತಿಂಗಳು ಜಿಲ್ಲೆಯ ಆಸ್ಪತ್ರೆಗಳಲ್ಲಿ ಸೇವೆ ಮಾಡತಕ್ಕದ್ದೆಂಬ ನಿಯಮವು 2020ರಲ್ಲಿ ಬಂದಿತು. ಅಂತಹ ಆಸ್ಪತ್ರೆಯಲ್ಲಿ ಮೊದಲು 100 ಹಾಸಿಗೆಗಳಿರಬೇಕೆಂದಿದ್ದುದು 2023ರ ನಿಯಮದಲ್ಲಿ 50ಕ್ಕೆ ಇಳಿಯಿತು. ಭೋರ್ ಸಮಿತಿಯು ಹೇಳಿದ ಮೂರು ತಿಂಗಳು ಬೇರೊಂದು ರೂಪದಲ್ಲಿ ಮರಳಿ ಬರುವುದಕ್ಕೆ 74 ವರುಷಗಳು ಹಿಡಿದುವೆಂದರೆ ತಪ್ಪಾಗದು.

ಹೀಗೆ ಕಟ್ಟಳೆಯು ವಿದ್ಯಾರ್ಥಿಯನ್ನು ಪಟ್ಟಣದಿಂದ ಹೊರಗೆ ತಂದಿರುವುದು. ಆದರೆ ಕಟ್ಟಳೆಗಾಗಿ ಬಂದವನಿಗೂ ಇಚ್ಛೆಯಿಂದ ಬಂದವನಿಗೂ ಭೇದವುಂಟು. ಇಚ್ಛೆಯಿಂದ ಬರುವವನಿಗೆ ಈ ಸೀಮೆಯು ಏನನ್ನು ಕಲಿಸಬಲ್ಲುದೆಂಬುದನ್ನು ವಿಚಾರಿಸಬೇಕು.

ಬಳ್ಳಾರಿಯಿಂದ ಸುಮಾರು 55 ಕಿಲೋಮೀಟರು ದೂರದಲ್ಲಿ, ತುಂಗಭದ್ರೆಯ ದಡದಲ್ಲಿ ಸಿರುಗುಪ್ಪವಿರುವುದು. 1953ರಲ್ಲಿ ಅಣೆಕಟ್ಟು ಸಿದ್ಧವಾದ ತರುವಾಯ ಕಾಲುವೆಯ ನೀರು ಹರಿದು, ಈ ಪ್ರಾಂತವು ಬತ್ತದ ಕಣಜವಾಯಿತು. ಗದ್ದೆಯೊಡನೆ ಇಲಿಯೂ, ಇಲಿಯೊಡನೆ ಹಾವೂ, ಬೆಳೆಯೊಡನೆ ಕೀಟನಾಶಕವೂ ಬಂದುವು. ರಾತ್ರಿಯ ಹೊತ್ತು ನೀರು ಕಟ್ಟಲು ಹೋದವನ ಕಾಲಿಗೆ ಮಂಡಲದ ಹಾವು ಕಚ್ಚಿದರೆ, ರಕ್ತವನ್ನು ಒಣಗಿದ ಶುಭ್ರವಾದ ಗಾಜಿನ ನಳಿಗೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ಹೆಪ್ಪುಗಟ್ಟಿತೋ ಇಲ್ಲವೋ ನೋಡುವುದೇ ಪರೀಕ್ಷೆಯು. ಇದಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ. ನೆಲದ ಮೇಲೆ ಮಲಗಿದವನನ್ನು ಕಟ್ಟುಹಾವು ಕಡಿದರೆ ನೋವಾಗಲಿ ಬಾವಾಗಲಿ ಹೆಚ್ಚಾಗಿ ಇರದು. ಬೆಳಿಗ್ಗೆ ರೆಪ್ಪೆಗಳು ಜೋಲುವುದೇ ಮೊದಲ ಗುರುತು. ಕೀಟನಾಶಕವನ್ನು ಕುಡಿದವನಿಗೆ ಅಟ್ರೋಪಿನ್ ಮದ್ದನ್ನು ಐದೈದು ನಿಮಿಷಕ್ಕೊಮ್ಮೆ ಇಮ್ಮಡಿಸುತ್ತ, ಎದೆಯೊಳಗಿನ ನೀರಿನ ಸದ್ದು ಅಡಗುವ ವರೆಗೂ ಪಕ್ಕದಲ್ಲಿಯೇ ನಿಂತಿರಬೇಕು. ದೊಡ್ಡ ಆಸ್ಪತ್ರೆಯ ವಿದ್ಯಾರ್ಥಿಯು ಇಂತಹ ರೋಗಿಯನ್ನು ಕಾಣುವುದು ಬಹುಮಟ್ಟಿಗೆ ಎರಡು ಮೂರು ತಾಸುಗಳ ತರುವಾಯ. ಆ ತಾಸುಗಳಲ್ಲಿ ಏನಾಯಿತೆಂಬುದು ಸಿರುಗುಪ್ಪದಲ್ಲಿದ್ದವನಿಗೇ ತಿಳಿಯುವುದು. 2024ರಲ್ಲಿ ಕರ್ನಾಟಕ ಸರ್ಕಾರವು ಹಾವುಕಡಿತವನ್ನು ಕಡ್ಡಾಯವಾಗಿ ವರದಿಮಾಡಬೇಕಾದ ವ್ಯಾಧಿಗಳಲ್ಲಿ ಸೇರಿಸಿದ್ದರಿಂದ ಈ ಅನುಭವಕ್ಕೆ ಮತ್ತಷ್ಟು ಬೆಲೆಯು ಬಂದಿರುವುದು.

ಸಿಂದರ ಅರಸುಮನೆತನದಿಂದಲೂ ದೊಡ್ಡ ಬಸವೇಶ್ವರನ ಸನ್ನಿಧಿಯಿಂದಲೂ ಭಕ್ತರಿಗೆ ಪರಿಚಿತವಾದ ಕುರುಗೋಡು ಬಳ್ಳಾರಿಗೆ ಸುಮಾರು 30 ಕಿಲೋಮೀಟರು ದೂರ. ಇಂತಹ ಊರಿನ ಆಸ್ಪತ್ರೆಯಲ್ಲಿ ಕಲಿಯತಕ್ಕದ್ದು ಮತ್ತೊಂದು ವಿದ್ಯೆ: ರೋಗಿಯನ್ನು ಇಲ್ಲಿಯೇ ಇಟ್ಟುಕೊಳ್ಳಬೇಕೇ, ಕಳುಹಿಸಬೇಕೇ, ಕಳುಹಿಸುವ ಮುನ್ನ ಏನನ್ನು ಮಾಡಿ ಕಳುಹಿಸಬೇಕು ಎಂಬ ನಿರ್ಣಯವು. ಉಸಿರು ನಿಲ್ಲುತ್ತಿರುವವನನ್ನು ಹಾಗೆಯೇ ಬಂಡಿಗೇರಿಸಿದರೆ ಅರ್ಧದಾರಿಯಲ್ಲಿಯೇ ಪ್ರಾಣವು ಹೋಗಬಹುದು. ಉಸಿರಿಗೆ ಆಸರೆಯಿತ್ತು ಕಳುಹಿಸಿದರೆ ಬಳ್ಳಾರಿಯನ್ನು ಸೇರಿಯಾನು.

ಅಲ್ಟ್ರಾಸೌಂಡ್ ಯಂತ್ರದ ಸೂಕ್ಷ್ಮಗಳನ್ನೂ ನೂತನ ಚಿಕಿತ್ಸೆಗಳನ್ನೂ ಮಹಾನಗರಗಳಲ್ಲಿಯೇ ಕಲಿಯಬೇಕಲ್ಲದೆ ಹಳ್ಳಿಯಲ್ಲಿ ಕಾಲ ಕಳೆಯುವುದೇಕೆಂದು ಆಕ್ಷೇಪಿಸುವವರುಂಟು. ಅವರ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಗುರುವಿಲ್ಲದೆಡೆಗೆ ಶಿಷ್ಯನನ್ನು ಕಳುಹಿಸಿದರೆ ಅದು ಶಿಕ್ಷಣವಾಗದೆ ಬಿಟ್ಟಿ ದುಡಿಮೆಯಾದೀತು. ಆದುದರಿಂದ ಹಿರಿಯ ವೈದ್ಯನ ಮೇಲ್ವಿಚಾರಣೆಯೂ, ಕಲಿತುದರ ಲೆಕ್ಕವಿಡುವ ಪುಸ್ತಕವೂ, ರಾತ್ರಿ ತಂಗುವ ವಸತಿಯೂ ಇದ್ದರೇನೇ ಇಂತಹ ಸರದಿಯು ಸಫಲವಾಗುವುದು. ಇವುಗಳಲ್ಲಿ ವಸತಿ ಮತ್ತು ಪ್ರಸಾದದ ಏರ್ಪಾಡಾದರೂ ಊರಿನ ಭಕ್ತಸಮೂಹಕ್ಕೆ ಅಸಾಧ್ಯವಾದುದಲ್ಲ.

ಒಂದೇ ದಿನದೊಳಗೆ ತೀರಿಕೊಂಡ ಗವರ್ನರನ ಕಾಲದಿಂದ ಇಂದಿನವರೆಗೆ ಈ ಸೀಮೆಯಲ್ಲಿ ಮದ್ದುಗಳು ಬಂದುವು, ಮನೆಗಳು ಎದ್ದುವು, ಬಂಡಿಗಳು ಓಡಿದುವು, ಕಟ್ಟಳೆಗಳೂ ಆದುವು. ಇನ್ನುಳಿದಿರುವುದು ಕಲಿಯುವವನ ಇಚ್ಛೆಯೊಂದೇ. ಆ ಇಚ್ಛೆಯು ಸಿರುಗುಪ್ಪ, ಕುರುಗೋಡುಗಳತ್ತ ತಿರುಗಿದಷ್ಟೂ ಈ ಸೀಮೆಯಲ್ಲಿ ಹೊತ್ತು ಮೀರಿ ಹೋಗುವ ಪ್ರಾಣಗಳು ಕಡಿಮೆಯಾಗುವುವು.