ವಿಮಾ ಕಾನೂನಿನಲ್ಲಿ ಎಲ್‌ಎಲ್‌ಎಂ: ಯಾರು ಓದಬಹುದು, ಏನು ಕಲಿಸ್ತಾರೆ, ಅಂಗಡಿಯವರಿಗೆ ಏನು ಉಪಯೋಗ?

ನೆಲಮಾಳಿಗೆಯಲ್ಲಿದ್ದ ಒಂದು ಅಂಗಡಿಗೆ ಬೆಂಕಿ ವಿಮೆ ಮಾಡಿಸಲಾಗಿತ್ತು. ಬೆಂಕಿ ಬಿತ್ತು, ಮಾಲು ಸುಟ್ಟಿತು. ಪರಿಹಾರ ಕೇಳಿದಾಗ ಕಂಪನಿ ಹೇಳಿದ್ದು: ‘ಪಾಲಿಸಿಯಲ್ಲಿ ನೆಲಮಾಳಿಗೆಗೆ ರಕ್ಷಣೆ ಇಲ್ಲ’. ಆದರೆ ಅಂಗಡಿ ಎಲ್ಲಿದೆ ಅಂತ ಪರಿಶೀಲನೆ ಮಾಡಿ, ಗೊತ್ತಿದ್ದೇ ಪ್ರೀಮಿಯಂ ಕಟ್ಟಿಸಿಕೊಂಡಿದ್ದು ಅದೇ ಕಂಪನಿ. ಟೆಕ್ಸ್‌ಕೋ ಮಾರ್ಕೆಟಿಂಗ್ ಹೆಸರಿನ ಈ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಅಂಗಡಿಯವರ ಪರ ತೀರ್ಪು ಕೊಟ್ಟಿತು.

ಪಾಲಿಸಿಯ ಒಂದು ಸಾಲು ಲಕ್ಷಾಂತರ ರೂಪಾಯಿಯ ಹಣೆಬರಹ ತೀರ್ಮಾನಿಸುತ್ತೆ. ಆ ಸಾಲನ್ನು ಓದುವ ವಿದ್ಯೆಯೇ ವಿಮಾ ಕಾನೂನು. ಇದನ್ನು ಸ್ನಾತಕೋತ್ತರ ಮಟ್ಟದಲ್ಲಿ ಓದಬೇಕು ಅನ್ನೋರಿಗೆ ಇಲ್ಲಿದೆ ಮಾಹಿತಿ.

ಯಾರು ಸೇರಬಹುದು?

ಮೂರು ಅಥವಾ ಐದು ವರ್ಷದ ಎಲ್‌ಎಲ್‌ಬಿ ಮುಗಿಸಿದವರು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಎಲ್‌ಎಲ್‌ಎಂ ಒಂದು ವರ್ಷದ್ದು, ಪ್ರವೇಶಕ್ಕೆ ಕ್ಲ್ಯಾಟ್ ಪಿಜಿ ಪರೀಕ್ಷೆ ಬರೆಯಬೇಕು. ಈ ಪರೀಕ್ಷೆಗೆ ಎಲ್‌ಎಲ್‌ಬಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 50, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಶೇ 45 ಅಂಕ ಬೇಕು. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದಲ್ಲಿ ಎಲ್‌ಎಲ್‌ಎಂ ಎರಡು ವರ್ಷ.

ವಿಮೆಗೇ ಪ್ರತ್ಯೇಕ ಪದವಿ ಇದೆಯಾ?

ಲಂಡನ್‌ನ ಕ್ವೀನ್ ಮೇರಿ, ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯಗಳಲ್ಲಿ ವಿಮಾ ಕಾನೂನಿಗೇ ಎಲ್‌ಎಲ್‌ಎಂ ಇದೆ. ನಮ್ಮಲ್ಲಿ ಸಾಮಾನ್ಯವಾಗಿ ವ್ಯವಹಾರ ಕಾನೂನು ವಿಭಾಗದೊಳಗೆ ಒಂದು ವಿಷಯವಾಗಿ ಸಿಗುತ್ತೆ. ಹಾಗಾಗಿ ಕಾಲೇಜಿನ ಹೆಸರು ನೋಡಿ ಶುಲ್ಕ ಕಟ್ಟಬೇಡಿ. ವಿಮಾ ಕಾನೂನಿನ ಪತ್ರಿಕೆ ಈ ವರ್ಷ ಇದೆಯಾ, ಕಲಿಸುವವರು ಯಾರು, ಪ್ರಬಂಧಕ್ಕೆ ಆ ವಿಷಯ ಆರಿಸಿಕೊಳ್ಳಬಹುದಾ ಅಂತ ಮೊದಲು ಕೇಳಿ. ಜೊತೆಗೆ ಮುಂಬೈನ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ನಡೆಸುವ ಲೈಸೆನ್ಶಿಯೇಟ್, ಅಸೋಸಿಯೇಟ್, ಫೆಲೋಶಿಪ್ ಪರೀಕ್ಷೆಗಳನ್ನೂ ಬರೆಯಬಹುದು.

ಏನು ಓದಬೇಕು?

ಮೂಲ ಪಠ್ಯ 1938ರ ವಿಮಾ ಕಾಯ್ದೆ. ಅದರ ಜೊತೆ 1956ರ ಎಲ್‌ಐಸಿ ಕಾಯ್ದೆ, 1999ರ ಐಆರ್‌ಡಿಎ ಕಾಯ್ದೆ, 1988ರ ಮೋಟಾರು ವಾಹನ ಕಾಯ್ದೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಇವುಗಳಲ್ಲಿ ನಮ್ಮ ಪೇಟೆಗೆ ನೇರ ಸಂಬಂಧಪಟ್ಟ ಕೆಲವು ಪಾಠಗಳು ಹೀಗಿವೆ:

* ಮುಚ್ಚಿಡಬಾರದು: ವಿಮೆ ಪರಸ್ಪರ ನಂಬಿಕೆಯ ಒಪ್ಪಂದ. ಅರ್ಜಿಯಲ್ಲಿ ಕಾಯಿಲೆ ಮರೆಮಾಚಿದ್ದರಿಂದ ಕಂಪನಿ ಕ್ಲೇಮ್ ನಿರಾಕರಿಸಿದ್ದನ್ನು 2009ರ ಸತ್ವಂತ್ ಕೌರ್ ಸಂಧು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಏಜೆಂಟ್ ಬರೆದ ಅರ್ಜಿಗೆ ಓದದೆ ಸಹಿ ಹಾಕಿದರೂ ಹೊಣೆ ನಿಮ್ಮ ಮೇಲೇ ಬರುತ್ತೆ.

* ಸೆಕ್ಷನ್ 45: ಜೀವವಿಮೆ ಪಾಲಿಸಿ ಶುರುವಾಗಿ ಮೂರು ವರ್ಷ ದಾಟಿದ ಮೇಲೆ ಯಾವ ಕಾರಣಕ್ಕೂ ಅದನ್ನು ಕಂಪನಿ ಪ್ರಶ್ನಿಸುವಂತಿಲ್ಲ. ನಿಂತ ಪಾಲಿಸಿಯನ್ನು ಮತ್ತೆ ಚಾಲ್ತಿಗೆ ತಂದಿದ್ದರೆ ಆ ದಿನದಿಂದ ಲೆಕ್ಕ.

* ಕಡಿಮೆ ಮೊತ್ತದ ವಿಮೆ: ಪ್ರೀಮಿಯಂ ಉಳಿಸೋಕೆ ₹10 ಲಕ್ಷದ ದಾಸ್ತಾನಿಗೆ ₹5 ಲಕ್ಷದ ವಿಮೆ ಮಾಡಿಸಿದ್ದೀರಿ ಅಂದ್ಕೊಳ್ಳಿ. ₹2 ಲಕ್ಷದ ಮಾಲು ಸುಟ್ಟರೆ ಕೈಗೆ ಬರೋದು ಸುಮಾರು ₹1 ಲಕ್ಷ ಮಾತ್ರ. ಅರ್ಧಕ್ಕೆ ವಿಮೆ ಇದ್ದರೆ ಅರ್ಧ ನಷ್ಟ ನಿಮ್ಮದೇ.

* ತಡವಾದರೆ?: ಗುರ್ಶಿಂದರ್ ಸಿಂಗ್ ಪ್ರಕರಣದಲ್ಲಿ ಟ್ರ್ಯಾಕ್ಟರ್ ಕಳುವಾದ ದಿನವೇ ಪೊಲೀಸರಿಗೆ ದೂರು ಹೋಗಿತ್ತು, ಕಂಪನಿಗೆ ತಿಳಿಸಿದ್ದು ಒಂದೂವರೆ ತಿಂಗಳ ನಂತರ. ಎಫ್‌ಐಆರ್ ತಕ್ಷಣ ಆಗಿದ್ದರೆ, ಕಂಪನಿಗೆ ತಡವಾಗಿ ತಿಳಿಸಿದ ಕಾರಣಕ್ಕಷ್ಟೇ ಕ್ಲೇಮ್ ತಿರಸ್ಕರಿಸುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

* ಸರ್ವೇಯರ್ ವರದಿ: ಇದಕ್ಕೆ ತೂಕ ಇದೆ, ಆದರೆ ಅದೇ ಕೊನೆಯ ಮಾತಲ್ಲ. 2009ರ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಇದು ಸ್ಪಷ್ಟವಾಗಿದೆ. ಸರಿಯಾದ ಬಿಲ್, ಸ್ಟಾಕ್ ಪುಸ್ತಕ ಇದ್ದರೆ ವರದಿಯನ್ನು ಪ್ರಶ್ನಿಸಬಹುದು.

ಓದಿದ ಮೇಲೆ?

ವಿಮಾ ಕಂಪನಿಗಳ ಕಾನೂನು ವಿಭಾಗ, ಕ್ಲೇಮ್ ವಿಭಾಗಗಳಲ್ಲಿ ಕೆಲಸ ಸಿಗಬಹುದು. ನೆಟ್ ಅಥವಾ ಕೆಸೆಟ್ ಪಾಸಾದರೆ ಅಧ್ಯಾಪಕರಾಗಬಹುದು. ಇನ್ನು ವಕೀಲಿಕೆಗೆ ಎಲ್‌ಎಲ್‌ಎಂ ಕಡ್ಡಾಯ ಅಲ್ಲ, ಎಲ್‌ಎಲ್‌ಬಿ, ವಕೀಲರ ಪರಿಷತ್ತಿನ ನೋಂದಣಿ ಮತ್ತು ಅಖಿಲ ಭಾರತ ಬಾರ್ ಪರೀಕ್ಷೆಯ ಪಾಸು ಸಾಕು. ಆದರೆ ಮೋಟಾರು ಅಪಘಾತ ನ್ಯಾಯಮಂಡಳಿ, ಜಿಲ್ಲಾ ಗ್ರಾಹಕರ ಆಯೋಗಗಳಲ್ಲಿ ಎದುರು ನಿಲ್ಲೋದು ಕಂಪನಿಯ ಅನುಭವಿ ವಕೀಲರು. ಪಾಲಿಸಿಯ ಷರತ್ತನ್ನು ಅವರಷ್ಟೇ ಚೆನ್ನಾಗಿ ಓದಬಲ್ಲ ವಕೀಲರು ನಮ್ಮ ತಾಲ್ಲೂಕಿನಲ್ಲೂ ಇದ್ದರೆ, ಅಂಗಡಿಯವರು, ರೈತರು ಪ್ರತಿ ಕ್ಲೇಮಿಗೂ ಬೆಂಗಳೂರಿಗೆ ಓಡಾಡೋದು ತಪ್ಪುತ್ತೆ.

ವಕೀಲರಿಲ್ಲದೆ ನೀವೇ ಏನು ಮಾಡಬಹುದು?

ಕ್ಲೇಮ್ ತಿರಸ್ಕಾರ ಆದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಕರ್ನಾಟಕಕ್ಕೆ ಬೆಂಗಳೂರಿನಲ್ಲಿ ಕಚೇರಿ ಇದೆ. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ದೂರು ಕೊಡಲು ಒಂದು ವರ್ಷದ ಗಡುವು, ಪರಿಹಾರದ ಮಿತಿ ₹50 ಲಕ್ಷ. ಒಬ್ಬರೇ ಮಾಲೀಕರಿರುವ ಅಂಗಡಿಯವರಿಗೂ ಈ ದಾರಿ ತೆರೆದಿದೆ.

ಇನ್ನೊಂದು ದಾರಿ ಜಿಲ್ಲಾ ಗ್ರಾಹಕರ ಆಯೋಗ. ಅಲ್ಲಿ ಗಡುವು ಎರಡು ವರ್ಷ. ಕಟ್ಟಿದ ಪ್ರೀಮಿಯಂ ₹5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ‘ಅಂಗಡಿ ವ್ಯಾಪಾರದ ವಿಮೆ, ಹಾಗಾಗಿ ನೀವು ಗ್ರಾಹಕರಲ್ಲ’ ಅಂತ ಕಂಪನಿ ವಾದಿಸಿದರೆ ಹೆದರಬೇಡಿ. ವಿಮೆ ಮಾಡಿಸೋದು ಲಾಭಕ್ಕಲ್ಲ, ನಷ್ಟ ತುಂಬಿಕೊಳ್ಳೋಕೆ ಎಂದು 2023ರ ಹರ್ಸೋಲಿಯಾ ಮೋಟಾರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇವತ್ತೇ ಮಾಡಬಹುದಾದ ಕೆಲಸ ಒಂದಿದೆ: ಬೀರುವಿನಲ್ಲಿರುವ ಪಾಲಿಸಿ ತೆಗೆದು ಅಂಗಡಿಯ ವಿಳಾಸ, ದಾಸ್ತಾನಿನ ಮೊತ್ತ, ಯಾವುದಕ್ಕೆ ರಕ್ಷಣೆ ಇಲ್ಲ ಅನ್ನೋ ಪಟ್ಟಿ, ಈ ಮೂರನ್ನು ನೋಡಿ. ತಪ್ಪಿದ್ದರೆ ಕಂಪನಿಗೆ ಬರೆದು ಈಗಲೇ ಸರಿಪಡಿಸಿಕೊಳ್ಳಿ.